ದುರಸ್ತಿ ಅಂಗಡಿಯಲ್ಲಿ ವೆಂಟಾಯ್: ಕೆಲವು ವರ್ಷಗಳ ಬಳಕೆಯ ನಂತರ

ಬೂಟ್ ಆಗುವ, ಅಂದರೆ ಕಂಪ್ಯೂಟರನ್ನು ತನ್ನಿಂದಲೇ ಆರಂಭಿಸಬಲ್ಲ, ಪೆನ್‌ಡ್ರೈವ್ ಸಿದ್ಧಪಡಿಸುವ ತಂತ್ರಾಂಶಗಳಲ್ಲಿ ವೆಂಟಾಯ್‌ಗೆ ಇಂದು ದುರಸ್ತಿ ಮಾಡುವವರ ನಡುವೆ ದೊಡ್ಡ ಹೆಸರಿದೆ. 2020ರಲ್ಲಿ ಮೊದಲ ಆವೃತ್ತಿ ಹೊರಬಂದ ಈ ಮುಕ್ತ ತಂತ್ರಾಂಶವನ್ನು ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕ, ಕುಂಬಳೆ, ಪೆರ್ಲ ಸುತ್ತಮುತ್ತಲ ಶಾಲೆ, ಸೊಸೈಟಿ, ಅಂಗಡಿ ಮತ್ತು ಮನೆಗಳ ಕಂಪ್ಯೂಟರುಗಳಿಗೆ ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ದುರಸ್ತಿಯ ಕೆಲಸಕ್ಕೆ ಇದರಷ್ಟು ಒದಗಿಬರುವ ಸಲಕರಣೆಯನ್ನು ನಾನು ಬೇರೆ ಕಂಡಿಲ್ಲ. ಆದರೆ ಪೆನ್‌ಡ್ರೈವ್ ಜೇಬಿನಲ್ಲಿದೆ, ಇನ್ನೇನು ಬೇಕು ಎಂದುಕೊಂಡು ಹೊರಟವರು ಗಿರಾಕಿಯ ಮನೆಯ ಜಗಲಿಯಲ್ಲಿ ತಲೆ ಕೆರೆದುಕೊಳ್ಳುತ್ತಾ ಕೂರಬೇಕಾಗುತ್ತದೆ. ಕೈಕೊಡುವುದು ಬಹುಮಟ್ಟಿಗೆ ವೆಂಟಾಯ್ ಅಲ್ಲ. ಅದರ ಆಚೀಚೆ ಇರುವ ಸೆಕ್ಯೂರ್ ಬೂಟ್ (ಒಪ್ಪಿತ ಸಹಿ ಇರುವ ತಂತ್ರಾಂಶದಿಂದ ಮಾತ್ರ ಯಂತ್ರ ಏಳಲು ಬಿಡುವ ರಕ್ಷಣೆ), ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ), ಡಿಸ್ಕ್ ಡ್ರೈವರ್ ಮತ್ತು ಅಗ್ಗದ ಪೆನ್‌ಡ್ರೈವ್. ಆದುದರಿಂದ ಈ ವಿಮರ್ಶೆಯ ಹೆಚ್ಚಿನ ಭಾಗ ಅವುಗಳ ಬಗ್ಗೆಯೇ ಇದೆ.

ವೆಂಟಾಯ್ ಕೆಲಸ ಮಾಡುವ ಬಗೆ ಸರಳವಾದದ್ದು. ಪೆನ್‌ಡ್ರೈವಿಗೆ ಅದನ್ನು ಒಮ್ಮೆ ಹಾಕಿದರೆ ಅಲ್ಲಿ ಎರಡು ವಿಭಾಗಗಳು ಉಂಟಾಗುತ್ತವೆ. ದೊಡ್ಡದು ಸಾಮಾನ್ಯವಾಗಿ ಎಕ್ಸ್‌ಫ್ಯಾಟ್ ಮಾದರಿಯದ್ದು. ಇನ್ನೊಂದು ಕೇವಲ 32 ಎಂಬಿಯದ್ದು, ಬೂಟ್ ಮಾಡಿಸುವ ಕಡತಗಳೆಲ್ಲ ಅದರಲ್ಲಿರುತ್ತವೆ. ಆಮೇಲೆ ವಿಂಡೋಸ್, ಲಿನಕ್ಸ್, ಮೆಮೊರಿ ಪರೀಕ್ಷೆ, ಡಿಸ್ಕ್ ನಕಲು ಮುಂತಾದ ಯಾವ ಐಎಸ್‌ಒ ಕಡತವನ್ನಾದರೂ (ಇಡೀ ಡಿಸ್ಕಿನ ಪ್ರತಿ ಒಂದೇ ಕಡತವಾಗಿರುವುದು) ದೊಡ್ಡ ವಿಭಾಗಕ್ಕೆ ಕಾಪಿ ಮಾಡಿದರೆ ಸಾಕು, ಬೂಟ್ ಮಾಡುವಾಗ ಅದು ಪಟ್ಟಿಯಲ್ಲಿ ಕಾಣಿಸುತ್ತದೆ. ಹೊಸ ಐಎಸ್‌ಒ ಬಂದಾಗ ಹಳೆಯದನ್ನು ಅಳಿಸಿ ಹೊಸದನ್ನು ಹಾಕುವುದು, ಅಷ್ಟೆ. ಮತ್ತೆ ಫಾರ್ಮ್ಯಾಟ್ ಮಾಡುವ ಗೊಡವೆ ಇಲ್ಲ. ವೆಂಟಾಯ್‌ನ ಆವೃತ್ತಿಯನ್ನು ಅಪ್‌ಡೇಟ್ ಮಾಡಿದರೂ ಒಳಗಿನ ಕಡತಗಳು ಹಾಗೆಯೇ ಉಳಿಯುತ್ತವೆ. ಹಳೆಯ ಬಯೋಸ್ (ಯಂತ್ರ ಆನ್ ಆದಾಗ ಮೊದಲು ಓಡುವ ತಂತ್ರಾಂಶ) ಯಂತ್ರ, ಅದರ ಜಾಗಕ್ಕೆ ಬಂದ 64 ಬಿಟ್ ಯುಇಎಫ್ಐ, ಕೆಲವು ಪುಟ್ಟ ಲ್ಯಾಪ್‌ಟಾಪ್‌ಗಳಲ್ಲಿ ಸಿಗುವ 32 ಬಿಟ್ ಯುಇಎಫ್ಐ ಈ ಮೂರೂ ಒಂದೇ ಪೆನ್‌ಡ್ರೈವಿನಲ್ಲಿ ನಡೆಯುತ್ತವೆ. ಈ ಕೊನೆಯದಕ್ಕಾಗಿ ಹಿಂದೆ ನಾನು ಬೇರೆಯೇ ಪೆನ್‌ಡ್ರೈವ್ ಇಟ್ಟುಕೊಳ್ಳುತ್ತಿದ್ದೆ.

ನಮ್ಮ ಕಡೆ ಇದು ವಿಶೇಷವಾಗಿ ಉಪಯೋಗಕ್ಕೆ ಬರುವುದಕ್ಕೆ ಸಿಡಿಲೂ ಒಂದು ಕಾರಣ. ಮಳೆಗಾಲಕ್ಕೆ ಮುಂಚೆ ಮತ್ತು ತುಲಾ ತಿಂಗಳ ಸಂಜೆಗಳಲ್ಲಿ ಬರುವ ಗುಡುಗು ಮಳೆಯಲ್ಲಿ ಇಂಟರ್ನೆಟ್ ತಂತಿಯ ಮೂಲಕ ಬಂದ ಪೆಟ್ಟಿಗೆ ಮದರ್‌ಬೋರ್ಡಿನ ಲ್ಯಾನ್ ಪೋರ್ಟ್ ಮಾತ್ರ ಸುಟ್ಟು, ಉಳಿದುದೆಲ್ಲ ಚೆನ್ನಾಗಿರುವ ಕಂಪ್ಯೂಟರುಗಳು ಅಂಗಡಿಗೆ ಬರುತ್ತಲೇ ಇರುತ್ತವೆ. ಇಂಥವುಗಳಿಗೆ ನೆಟ್‌ವರ್ಕ್ ಮೂಲಕ ಓಎಸ್ (ಆಪರೇಟಿಂಗ್ ಸಿಸ್ಟಮ್) ಹಾಕುವ ಮಾತೇ ಇಲ್ಲ. ತೋಟದ ನಡುವಿನ ಮನೆಗಳಲ್ಲಿ ಇಂಟರ್ನೆಟ್ ಇದ್ದರೂ ಐದಾರು ಜಿಬಿ ಇಳಿಸಿಕೊಳ್ಳುವಷ್ಟು ವೇಗ ಇರುವುದಿಲ್ಲ. ಬೇಕಾದ ಐಎಸ್‌ಒ, ಬೇಕಾದ ಡ್ರೈವರ್ ಎಲ್ಲವನ್ನೂ ಜೊತೆಯಲ್ಲೇ ಒಯ್ಯಬೇಕು. ಅದಕ್ಕೆ ಒಂದೇ ಪೆನ್‌ಡ್ರೈವ್ ಸಾಕಾಗುವುದು ಸಣ್ಣ ಅನುಕೂಲವಲ್ಲ.

ಪಟ್ಟಿಯನ್ನು ನಮಗೆ ಬೇಕಾದಂತೆ ಹೊಂದಿಸಿಕೊಳ್ಳಲು ಪೆನ್‌ಡ್ರೈವಿನೊಳಗೆ ವೆಂಟಾಯ್ ಹೆಸರಿನ ಫೋಲ್ಡರಿನಲ್ಲಿ ಜೇಸನ್ ಎಂಬ ಮಾದರಿಯಲ್ಲಿ ಹೊಂದಾಣಿಕೆ ಬರೆದಿಟ್ಟ ಒಂದು ಪಠ್ಯ ಕಡತ ಇಡಬೇಕಾಗುತ್ತದೆ. ಅದನ್ನು ಕೈಯಿಂದಲೇ ಬರೆಯಬಹುದು. ಆದರೆ ಒಂದು ಅಲ್ಪವಿರಾಮ ತಪ್ಪಿದರೂ ನಾವು ಮಾಡಿದ ಹೊಂದಾಣಿಕೆಯೆಲ್ಲ ವ್ಯರ್ಥವಾಗುತ್ತದೆ. ಆದುದರಿಂದ ವೆಂಟಾಯ್ ಜೊತೆಗೇ ಬರುವ ಪ್ಲಗ್‌ಸನ್ ಎಂಬ ಸಾಧನವನ್ನು ಬಳಸುವುದೇ ಮೇಲು. ಅದು ಬ್ರೌಸರಿನಲ್ಲಿ ತೆರೆದುಕೊಳ್ಳುತ್ತದೆ, ತಪ್ಪು ದಾರಿ ಕೊಟ್ಟರೆ ಅಲ್ಲೇ ಎಚ್ಚರಿಸುತ್ತದೆ. ನಾನು ಐಎಸ್‌ಒಗಳಿಗೆಲ್ಲ ಒಂದೇ ಫೋಲ್ಡರ್ ಮಾಡಿ, ಹುಡುಕಾಟವನ್ನು ಅಷ್ಟಕ್ಕೇ ಸೀಮಿತಗೊಳಿಸಿದ್ದೇನೆ. ಹಾಗೆ ಮಾಡದಿದ್ದರೆ ಡ್ರೈವರ್ ಫೋಲ್ಡರುಗಳಲ್ಲಿರುವ ಬೇಡದ ಕಡತಗಳೂ ಪಟ್ಟಿಯಲ್ಲಿ ತೂರಿಕೊಳ್ಳುತ್ತವೆ, ಪಟ್ಟಿ ತೆರೆದುಕೊಳ್ಳುವುದೂ ನಿಧಾನವಾಗುತ್ತದೆ. ಉದ್ದುದ್ದ ಕಡತದ ಹೆಸರಿನ ಬದಲು ಅರ್ಥವಾಗುವ ಹೆಸರು ಕೊಡುವ ಸೌಲಭ್ಯವೂ ಇದೆ. ಇದರಲ್ಲಿ ಕನ್ನಡದಲ್ಲಿ ಹೆಸರಿಡುವ ಆಸೆ ಇಟ್ಟುಕೊಳ್ಳಬಾರದು. ವೆಂಟಾಯ್ ಆಧರಿಸಿರುವ ಗ್ರಬ್ ಎಂಬ ಬೂಟ್‌ಲೋಡರಿನಲ್ಲಿ (ಓಎಸ್ ಎಬ್ಬಿಸುವ ತಂತ್ರಾಂಶ) ಕನ್ನಡದ ಗುಣಿತಾಕ್ಷರ, ಒತ್ತಕ್ಷರಗಳು ಸರಿಯಾಗಿ ಕೂಡಿಕೊಳ್ಳುವುದಿಲ್ಲ. ಅಂಗಡಿಯ ಹುಡುಗರಿಗೆ ತಿಳಿಯಲೆಂದು ನಾನು ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಹೆಸರು ಬರೆದಿಟ್ಟಿದ್ದೇನೆ. ನೋಡಲು ಚೆಂದವಿಲ್ಲ, ಕೆಲಸ ನಡೆಯುತ್ತದೆ.

ಇನ್ನು ಸೆಕ್ಯೂರ್ ಬೂಟ್. ಹೊಸ ಲ್ಯಾಪ್‌ಟಾಪಿಗೆ ವೆಂಟಾಯ್ ಪೆನ್‌ಡ್ರೈವ್ ಹಾಕಿದಾಗ ಮೊದಲ ಸಲ ಪಟ್ಟಿ ಬರುವುದಿಲ್ಲ. ಸಹಿ ಪರಿಶೀಲನೆ ವಿಫಲವಾಯಿತು ಎಂಬ ಸಂದೇಶ ಬರುತ್ತದೆ, ಅದಾದ ಮೇಲೆ ನೀಲಿ ಬಣ್ಣದ ಒಂದು ಪರದೆ ತೆರೆಯುತ್ತದೆ. ಅಲ್ಲಿ ‘ಎನ್ರೋಲ್ ಕೀ ಫ್ರಮ್ ಡಿಸ್ಕ್’ ಆರಿಸಿ, ವಿಟಾಯ್‌ಇಎಫ್ಐ ಎಂಬ ವಿಭಾಗದೊಳಗೆ ಹೋಗಿ, ‘ಎನ್ರೋಲ್ ದಿಸ್ ಕೀ’ ಎಂದೇ ಹೆಸರು ಆರಂಭವಾಗುವ ಕಡತವನ್ನು ಒಪ್ಪಿಸಿ, ಮುಂದುವರಿಸಿ, ಯಂತ್ರವನ್ನು ಮರಳಿ ಆರಂಭಿಸಬೇಕು. ಇದು ಆ ಯಂತ್ರಕ್ಕೆ ಒಂದು ಸಲದ ಕೆಲಸ. ನೀಲಿ ಪರದೆ ಕಂಡ ಕೂಡಲೇ ಗಾಬರಿಯಾಗಿ ಪೆನ್‌ಡ್ರೈವ್ ಕಿತ್ತವರನ್ನು ನೋಡಿದ್ದೇನೆ. ಹೆಚ್ಚಿನವರು ಇಷ್ಟು ತೊಂದರೆ ಯಾಕೆಂದು ಬಯೋಸಿಗೆ ಹೋಗಿ ಸೆಕ್ಯೂರ್ ಬೂಟನ್ನೇ ಆಫ್ ಮಾಡುತ್ತಾರೆ. ನಾನು ಹಾಗೆ ಮಾಡುವುದಿಲ್ಲ. ಕಾರಣವನ್ನು ಮುಂದೆ ಬಿಟ್‌ಲಾಕರ್ ವಿಷಯದಲ್ಲಿ ಹೇಳುತ್ತೇನೆ. ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟಿನ ಥರ್ಡ್ ಪಾರ್ಟಿ ಪ್ರಮಾಣಪತ್ರವನ್ನು (ಬೇರೆಯವರ ಬೂಟ್‌ಲೋಡರುಗಳನ್ನು ಒಪ್ಪಲು ಬೇಕಾದದ್ದು) ಕಾರ್ಖಾನೆಯಲ್ಲೇ ಆಫ್ ಮಾಡಿರುತ್ತಾರೆ. ಅಂಥವುಗಳಲ್ಲಿ ಬಯೋಸಿನಲ್ಲಿ ಅದನ್ನು ಆನ್ ಮಾಡುವ ತನಕ ನೀಲಿ ಪರದೆಯೂ ಬರುವುದಿಲ್ಲ.

ಹೀಗೆ ಒಪ್ಪಿಸಿದ ಕೀ ಗಿರಾಕಿಯ ಯಂತ್ರದಲ್ಲೇ ಉಳಿದುಬಿಡುತ್ತದೆ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಆಮೇಲೆ ಯಾರು ಬೇಕಾದರೂ ಇನ್ನೊಂದು ವೆಂಟಾಯ್ ಪೆನ್‌ಡ್ರೈವ್ ತಂದು ಆ ಯಂತ್ರವನ್ನು ತಡೆಯಿಲ್ಲದೆ ಬೂಟ್ ಮಾಡಬಹುದು. ಮನೆಯ ಕಂಪ್ಯೂಟರಿಗೆ ಇದು ಅಷ್ಟು ದೊಡ್ಡ ವಿಷಯವಲ್ಲದಿರಬಹುದು. ಹಣಕಾಸಿನ ಲೆಕ್ಕ ಇಡುವ ಸೊಸೈಟಿಯ ಯಂತ್ರಕ್ಕೆ ಖಂಡಿತ ಹೌದು. ಅಂಥಲ್ಲಿ ಕೆಲಸ ಮುಗಿದ ಮೇಲೆ ಲಿನಕ್ಸಿನ ಮಾಕ್‌ಯುಟಿಲ್ ಆದೇಶದ ಮೂಲಕ ಆ ಕೀಯನ್ನು ತೆಗೆಸಿಯೇ ಬರುತ್ತೇನೆ.

ಪೆನ್‌ಡ್ರೈವಿನಲ್ಲಿ ಹಳೆಯ ಆವೃತ್ತಿ ಇಟ್ಟುಕೊಂಡಿರುವವರಿಗೆ ಇನ್ನೊಂದು ಮಾತು. 2024ರ ಆಗಸ್ಟ್‌ನಲ್ಲಿ ಬಂದ ವಿಂಡೋಸ್ ಭದ್ರತಾ ಅಪ್‌ಡೇಟ್, ದೋಷ ಇದ್ದ ಹಳೆಯ ಬೂಟ್‌ಲೋಡರುಗಳನ್ನು ಯಂತ್ರವೇ ತಿರಸ್ಕರಿಸುವಂತೆ ಮಾಡಿತು. ವಿಂಡೋಸ್ ಮತ್ತು ಲಿನಕ್ಸ್ ಎರಡೂ ಇರುವ ಎಷ್ಟೋ ಯಂತ್ರಗಳಲ್ಲಿ ಅಂದು ಲಿನಕ್ಸ್ ಏಳಲಿಲ್ಲ. ಹಳೆಯ ಲಿನಕ್ಸ್ ಐಎಸ್‌ಒಗಳೂ ‘ಸೆಕ್ಯುರಿಟಿ ಪಾಲಿಸಿ ವಯೊಲೇಶನ್’ ಎಂದು ನಿಂತವು. ‘ನಿನ್ನೆ ಬೂಟ್ ಆಗುತ್ತಿತ್ತು, ಇಂದು ಆಗುವುದಿಲ್ಲ’ ಎಂದು ಯಾರಾದರೂ ಹೇಳಿದರೆ ಪೆನ್‌ಡ್ರೈವಿನ ಮೇಲೆ ಸಂಶಯ ಪಡುವ ಮೊದಲು ವೆಂಟಾಯ್ ಮತ್ತು ಐಎಸ್‌ಒ ಎರಡರ ಆವೃತ್ತಿಯನ್ನೂ ನೋಡಬೇಕು. ಸೆಕ್ಯೂರ್ ಬೂಟ್ ನೆಚ್ಚಿಕೊಂಡಿರುವ 2011ರ ಮೈಕ್ರೋಸಾಫ್ಟ್ ಪ್ರಮಾಣಪತ್ರಗಳ ಅವಧಿಯೂ 2026ರಲ್ಲಿ ಮುಗಿಯುವಂಥದ್ದು. 2023ರ ಹೊಸ ಪ್ರಮಾಣಪತ್ರ ಸೇರಿಸಿಕೊಳ್ಳದ ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ, ಹೊಸ ಸಹಿಯನ್ನು ಮಾತ್ರ ಹೊತ್ತ ಬೂಟ್‌ಲೋಡರುಗಳು ತಡೆಯಲ್ಪಡುತ್ತವೆ.

ಬಿಟ್‌ಲಾಕರ್ ವಿಚಾರದಲ್ಲಿ ಗಿರಾಕಿಗಳಿಗೆ ತಿಳಿಸಿ ಹೇಳುವುದೇ ಕಷ್ಟ. ತಾವು ಅದನ್ನು ಹಾಕಿಯೇ ಇಲ್ಲ ಎನ್ನುತ್ತಾರೆ, ಅದು ನಿಜವೂ ಹೌದು. ಹೊಸ ಲ್ಯಾಪ್‌ಟಾಪಿನಲ್ಲಿ ಮೈಕ್ರೋಸಾಫ್ಟ್ ಅಕೌಂಟ್ ಹಾಕಿ ಒಳಹೊಕ್ಕಾಗ ಎನ್‌ಕ್ರಿಪ್ಶನ್ ತಾನಾಗಿಯೇ ಆನ್ ಆಗಿರುತ್ತದೆ. ಸೆಕ್ಯೂರ್ ಬೂಟ್ ಆಫ್ ಮಾಡಿದರೆ ಯಂತ್ರದ ಭದ್ರತಾ ಸ್ಥಿತಿ ಬದಲಾಯಿತೆಂದು ಟಿಪಿಎಂ ಚಿಪ್ ಬೀಗದ ಕೈಯನ್ನು ಕೊಡುವುದಿಲ್ಲ, ವಿಂಡೋಸ್ ಮುಂದಿನ ಸಲ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಮಗಳ ಕಾಲೇಜಿನ ಪ್ರಾಜೆಕ್ಟ್ ಇರುವ ಲ್ಯಾಪ್‌ಟಾಪ್ ತಂದವರೊಬ್ಬರು ಆ ಪರದೆ ನೋಡಿ, “ಎಲ್ಲ ಹೋಯಿತಾ ಮಾರಾಯ್ರೇ?” ಎಂದು ಕೇಳಿದ್ದರು. ಇನ್ನೊಂದು ಕಡೆ ಯಾರೋ ಸೆಕ್ಯೂರ್ ಬೂಟ್ ಆಫ್ ಮಾಡಿ, ಬೂಟ್ ಆಗುವುದಿಲ್ಲವೆಂದು ಕೈಚೆಲ್ಲಿದ ಯಂತ್ರ ಅದು. ಸೆಕ್ಯೂರ್ ಬೂಟನ್ನು ಮೊದಲಿನ ಹಾಗೆ ಆನ್ ಮಾಡಿದಾಗ ಕೀ ಕೇಳದೆ ವಿಂಡೋಸ್ ತೆರೆಯಿತು. ಎಲ್ಲ ಸಲವೂ ಇಷ್ಟು ಸುಲಭವಾಗಿ ಮುಗಿಯುವುದಿಲ್ಲ. ಆದುದರಿಂದ ವಿಂಡೋಸ್ ಇನ್ನೂ ತೆರೆಯುವ ಸ್ಥಿತಿಯಲ್ಲಿದ್ದರೆ, ಬೇರೆ ಏನನ್ನೂ ಮುಟ್ಟುವ ಮೊದಲು ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ತಡೆಹಿಡಿದು, ರಿಕವರಿ ಕೀಯನ್ನು ಕಾಗದದಲ್ಲಿ ಬರೆದುಕೊಳ್ಳುವುದು ನನ್ನ ಕ್ರಮ. ತೆರೆಯದಿದ್ದರೆ ಗಿರಾಕಿಯ ಮೊಬೈಲಿನಿಂದ ಅವರ ಮೈಕ್ರೋಸಾಫ್ಟ್ ಅಕೌಂಟಿಗೆ ಹೋಗಿ ಕೀ ಅಲ್ಲಿದೆಯೇ ಎಂದು ನೋಡುತ್ತೇವೆ. ಆ ಕೀ ಸಿಗದಿದ್ದರೆ ಪೆನ್‌ಡ್ರೈವಿನಲ್ಲಿ ಯಾವ ಉಪಕರಣ ಇದ್ದೂ ಪ್ರಯೋಜನವಿಲ್ಲ.

ಇದಕ್ಕೆ ಸೇರಿಕೊಂಡಂತೆ ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ವಿಷಯವನ್ನೂ ಹೇಳಬೇಕು. ಅದು ಆನ್ ಇರುವಾಗ ಶಟ್‌ಡೌನ್ ಮಾಡಿದರೂ ವಿಂಡೋಸ್ ಪೂರ್ತಿಯಾಗಿ ಮುಚ್ಚಿಕೊಳ್ಳುವುದಿಲ್ಲ. ಆಗ ಲಿನಕ್ಸಿನಿಂದ ಅದರ ಡಿಸ್ಕ್ ತೆರೆದರೆ ಓದಲು ಮಾತ್ರ ಅವಕಾಶ ಸಿಗುತ್ತದೆ. ಶಿಫ್ಟ್ ಕೀ ಒತ್ತಿ ಹಿಡಿದು ಶಟ್‌ಡೌನ್ ಮಾಡಿದರೆ ಈ ತಕರಾರು ತಪ್ಪುತ್ತದೆ.

ವಿಂಡೋಸ್ ಹಾಕಲು ಹೊರಟಾಗ ಡಿಸ್ಕೇ ಕಾಣಿಸದಿರುವುದು ಇಂಟೆಲ್ 11ನೇ ಪೀಳಿಗೆಯಿಂದ ಈಚಿನ ಲ್ಯಾಪ್‌ಟಾಪ್‌ಗಳ ಮಾಮೂಲಿ ಕಾಯಿಲೆ. ಎಸ್‌ಎಸ್‌ಡಿ ಹಾಳಾಗಿದೆಯೆಂದು ಹೊಸದನ್ನು ಕೊಳ್ಳಿಸಿದ ಉದಾಹರಣೆಗಳೂ ಇವೆ. ವಾಸ್ತವದಲ್ಲಿ ಅದು ವಿಎಂಡಿ ಎಂಬ ನಿಯಂತ್ರಕದ ಹಿಂದೆ ಇರುತ್ತದೆ, ವಿಂಡೋಸ್ ಐಎಸ್‌ಒದಲ್ಲಿ ಅದಕ್ಕೆ ಬೇಕಾದ ಡ್ರೈವರ್ ಇರುವುದಿಲ್ಲ. ಬಯೋಸಿನಲ್ಲಿ ವಿಎಂಡಿ ಆಫ್ ಮಾಡಿದರೆ ಡಿಸ್ಕ್ ಕಾಣುತ್ತದೆ. ಆದರೆ ಒಳಗಿರುವ ಹಳೆಯ ವಿಂಡೋಸನ್ನು ಉಳಿಸಿಕೊಳ್ಳಬೇಕಾದಲ್ಲಿ ಅದು ನೀಲಿ ಪರದೆ ತೋರಿಸಿ ನಿಲ್ಲುವ ಸಂಭವವಿದೆ. ನಾನು ವಿಎಂಡಿಗೆ ಬೇಕಾದ ಇಂಟೆಲ್ ಆರ್‌ಎಸ್‌ಟಿ ಡ್ರೈವರನ್ನು ಬಿಡಿಸಿ ಐಎನ್‌ಎಫ್ ಕಡತಗಳ ರೂಪದಲ್ಲಿ ಪೆನ್‌ಡ್ರೈವಿನ ದೊಡ್ಡ ವಿಭಾಗದಲ್ಲಿ ಇಟ್ಟಿದ್ದೇನೆ. ‘ಲೋಡ್ ಡ್ರೈವರ್’ ಒತ್ತಿ ಆ ಫೋಲ್ಡರನ್ನು ತೋರಿಸಿದರೆ ಡಿಸ್ಕ್ ಪಟ್ಟಿಯಲ್ಲಿ ಬಂದು ಕೂರುತ್ತದೆ. ಐಎಸ್‌ಒ ಇರುವ ಪೆನ್‌ಡ್ರೈವಿನಲ್ಲೇ ಡ್ರೈವರ್, ವೈಫೈ ಕಡತ, ಪ್ರಿಂಟರ್ ಕಡತ ಎಲ್ಲವನ್ನೂ ಮಾಮೂಲಿ ಫೋಲ್ಡರುಗಳಂತೆ ಇಟ್ಟುಕೊಳ್ಳಬಹುದಾದದ್ದು ವೆಂಟಾಯ್‌ನ ನಿಜವಾದ ಶಕ್ತಿ ಎಂದು ನನಗನಿಸುವುದು ಇಂಥಲ್ಲಿ.

ದಿನನಿತ್ಯದ ರಕ್ಷಣಾ ಕೆಲಸಕ್ಕೆ ಮೈಕ್ರೋಸಾಫ್ಟಿನ ಎಡಿಕೆ ಎಂಬ ಸಲಕರಣೆಯಿಂದ ನಾನೇ ಮಾಡಿಕೊಂಡ ವಿಂಡೋಸ್ ಪಿಇ (ಡಿಸ್ಕಿಗೆ ಹಾಕದೆಯೇ ಓಡುವ ಪುಟ್ಟ ವಿಂಡೋಸ್) ಐಎಸ್‌ಒ ಒಂದಿದೆ. ಪಿಇ ಅಡಗಿರುವ ಬೂಟ್ ವಿಮ್ ಕಡತವನ್ನು ಮೌಂಟ್ ಮಾಡಿ (ಫೋಲ್ಡರಿನಂತೆ ತೆರೆದು), ಅದೇ ಆರ್‌ಎಸ್‌ಟಿ ಡ್ರೈವರನ್ನು ಡಿಸ್ಮ್ ಆದೇಶದಿಂದ ಒಳಗೇ ಸೇರಿಸಿಟ್ಟರೆ ಪ್ರತಿ ಸಲ ಡ್ರೈವರ್ ತೋರಿಸುವ ಕೆಲಸ ಉಳಿಯುತ್ತದೆ. ಪಿಇ 72 ಗಂಟೆಗಳ ನಂತರ ತಾನಾಗಿ ಮರಳಿ ಆರಂಭವಾಗುವುದರಿಂದ, ಕೆಟ್ಟ ಡಿಸ್ಕಿನಿಂದ ದಿನಗಟ್ಟಲೆ ಡೇಟಾ ಎತ್ತುವ ಕೆಲಸವನ್ನು ಅದರಲ್ಲಿ ಇಟ್ಟುಕೊಳ್ಳಬಾರದು. ಅದಕ್ಕೆ ಸಿಸ್ಟಮ್‌ರೆಸ್ಕ್ಯೂ ಎಂಬ ಲೈವ್ ಲಿನಕ್ಸ್ ಮತ್ತು ಅದರಲ್ಲಿರುವ, ಕೆಟ್ಟ ಡಿಸ್ಕಿನ ನಕಲು ತೆಗೆಯುವ ಡಿಡಿರೆಸ್ಕ್ಯೂ ಇದೆ. ಎಲ್ಲಿಯವರೆಗೆ ಓದಿದೆ ಎಂಬುದನ್ನು ಅದು ಮ್ಯಾಪ್ ಕಡತದಲ್ಲಿ ಬರೆದಿಟ್ಟುಕೊಳ್ಳುವುದರಿಂದ ನಡುವೆ ಕರೆಂಟು ಹೋದರೂ ನಿಲ್ಲಿಸಿದಲ್ಲಿಂದಲೇ ಮುಂದುವರಿಸಬಹುದು. ಜೂನ್, ಜುಲೈ ತಿಂಗಳುಗಳಲ್ಲಿ ಇದರ ಬೆಲೆ ತಿಳಿಯುತ್ತದೆ. ಪಿಇ ಆಧಾರಿತ ಕೆಲವು ಐಎಸ್‌ಒಗಳು ವೆಂಟಾಯ್‌ನ ಸಾಮಾನ್ಯ ವಿಧಾನದಲ್ಲಿ ಕಪ್ಪು ಪರದೆಯಲ್ಲೇ ನಿಂತಾಗ ವಿಮ್‌ಬೂಟ್ ವಿಧಾನವನ್ನೂ, ಲಿನಕ್ಸ್ ಐಎಸ್‌ಒ ನಿಂತಾಗ ಗ್ರಬ್2 ವಿಧಾನವನ್ನೂ ಆರಿಸಿ ನೋಡಬೇಕು. ಇಷ್ಟಕ್ಕೇ ಬಹಳ ಸಮಸ್ಯೆಗಳು ಬಗೆಹರಿಯುತ್ತವೆ.

2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಬೆಂಬಲ ನಿಂತ ಮೇಲೆ ಹಳೆಯ ಯಂತ್ರಗಳ ಪ್ರಶ್ನೆ ಜಾಸ್ತಿಯಾಗಿದೆ. ವಿಂಡೋಸ್ 11 ಹಾಕುವಾಗ ಟಿಪಿಎಂ ಮೊದಲಾದ ಪರಿಶೀಲನೆಯನ್ನು ದಾಟಿಸುವ ಆಯ್ಕೆ ವೆಂಟಾಯ್‌ನಲ್ಲೇ ಇದೆ. ಆದರೆ 24ಎಚ್2 ಆವೃತ್ತಿ ಪ್ರೊಸೆಸರಿನಲ್ಲಿಯೇ ಇಲ್ಲದ ಸೌಲಭ್ಯವನ್ನು ಕೇಳುವುದರಿಂದ ಕೋರ್ 2 ಡ್ಯುಯೋ ಕಾಲದ ಯಂತ್ರಗಳಲ್ಲಿ ಯಾವ ಉಪಾಯವೂ ನಡೆಯುವುದಿಲ್ಲ. ನಡೆಯುವ ಯಂತ್ರಗಳಲ್ಲೂ ಮುಂದಿನ ಅಪ್‌ಡೇಟಿಗೆ ಮೈಕ್ರೋಸಾಫ್ಟ್ ಹೊಣೆಯಲ್ಲ ಎಂಬುದನ್ನು ಗಿರಾಕಿಗೆ ಹೇಳಿಯೇ ಹಾಕಬೇಕು. ನಾನು ಹೆಚ್ಚಾಗಿ ಲಿನಕ್ಸ್ ಮಿಂಟ್ ತೋರಿಸುತ್ತೇನೆ. ವೆಂಟಾಯ್‌ನ ಪರ್ಸಿಸ್ಟೆನ್ಸ್ ಸೌಲಭ್ಯದಿಂದ, ಲೈವ್ ಲಿನಕ್ಸಿನಲ್ಲಿ ಮಾಡಿದ ಹೊಂದಾಣಿಕೆ ಒಂದು ಪ್ರತ್ಯೇಕ ಕಡತದಲ್ಲಿ ಉಳಿಯುತ್ತದೆ. ಕೆಜಿಪಿ ಕೀಲಿಮಣೆ, ಯೂನಿಕೋಡ್ ಫಾಂಟುಗಳನ್ನು ಒಮ್ಮೆ ಹಾಕಿಟ್ಟರೆ, ಶಾಲೆಯ ಟೀಚರ್ ತಮ್ಮದೇ ಲ್ಯಾಪ್‌ಟಾಪಿನಲ್ಲಿ, ಡಿಸ್ಕನ್ನು ಮುಟ್ಟದೆಯೇ, ಕನ್ನಡ ಟೈಪ್ ಮಾಡಿ ನೋಡಿ ಆಮೇಲೆ ತೀರ್ಮಾನಿಸಬಹುದು.

ಇಲ್ಲಿ ಕನ್ನಡದವರಿಗೇ ಇರುವ ಒಂದು ಎಚ್ಚರಿಕೆ ಇದೆ. ಪ್ರಶ್ನೆಪತ್ರಿಕೆ, ದೇವಸ್ಥಾನದ ಆಮಂತ್ರಣ ಪತ್ರಿಕೆ, ಯಕ್ಷಗಾನದ ಕರಪತ್ರ ಹೀಗೆ ಹಳೆಯ ಕಡತಗಳಲ್ಲಿ ಬಹುಪಾಲು ಯೂನಿಕೋಡ್ ಅಲ್ಲದ ನುಡಿ ಅಥವಾ ಬರಹ ಫಾಂಟಿನಲ್ಲಿವೆ. ಡಾಕ್ಯುಮೆಂಟ್ ಫೋಲ್ಡರ್ ಮಾತ್ರ ಬ್ಯಾಕಪ್ ಮಾಡಿ ಹೊಸ ಓಎಸ್ ಹಾಕಿದರೆ, ಆ ಕಡತಗಳನ್ನು ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಾಣುತ್ತವೆ. ಪಿಇಯಲ್ಲಿ ಬೂಟ್ ಮಾಡಿದ ಕೂಡಲೇ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರಿನಿಂದ ಆ ಫಾಂಟುಗಳನ್ನು ಎತ್ತಿಟ್ಟುಕೊಳ್ಳಬೇಕು. ಲಿನಕ್ಸಿನಲ್ಲೂ ಅವು ನಡೆಯುತ್ತವೆ.

ಒಂದೇ ಕಡೆ ಹಲವು ಯಂತ್ರಗಳಿಗೆ ಓಎಸ್ ಹಾಕುವ ಕೆಲಸದಲ್ಲಿ ವೆಂಟಾಯ್ ಬಗ್ಗೆ ನನ್ನ ಉತ್ಸಾಹ ಸ್ವಲ್ಪ ಕಡಿಮೆ. ಕೇರಳದ ಶಾಲೆಗಳಿಗೆ ಬರುವ, ಉಬುಂಟು ಆಧಾರಿತ ಕೈಟ್ ಗ್ನೂ/ಲಿನಕ್ಸ್ ಐಎಸ್‌ಒವನ್ನು ಇದರಲ್ಲಿ ಇಟ್ಟುಕೊಂಡು ಒಂದೆರಡು ಲ್ಯಾಪ್‌ಟಾಪ್ ಸರಿಮಾಡುವುದು ಸುಲಭ. ವಿಂಡೋಸಿಗೆ ಉತ್ತರ ಕಡತವನ್ನೂ (ಹಾಕುವಾಗ ಕೇಳುವ ಪ್ರಶ್ನೆಗಳಿಗೆ ಮೊದಲೇ ಉತ್ತರ ಬರೆದಿಟ್ಟದ್ದು) ಉಬುಂಟುವಿಗೆ ಆಟೋಇನ್‌ಸ್ಟಾಲ್ ಕಡತವನ್ನೂ ಪ್ಲಗ್‌ಸನ್ ಮೂಲಕ ಐಎಸ್‌ಒಗೆ ಜೋಡಿಸಿಟ್ಟರೆ, ಪ್ರದೇಶ, ಸಮಯ ವಲಯ, ಕನ್ನಡ ಕೀಲಿಮಣೆ ಇವುಗಳನ್ನೆಲ್ಲ ಮತ್ತೆ ಮತ್ತೆ ಒತ್ತುವ ಕೆಲಸ ತಪ್ಪುತ್ತದೆ. ಆದರೆ ಡಿಸ್ಕ್ ಅಳಿಸಿ ವಿಭಾಗ ಮಾಡುವ ಭಾಗವನ್ನು ಉತ್ತರ ಕಡತದಲ್ಲಿ ಇಡಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಎರಡು ಡಿಸ್ಕ್ ಇರುವ ಯಂತ್ರದಲ್ಲಿ ಉತ್ತರ ಕಡತ ಹೆಸರಿಸುವ ಸೊನ್ನೆಯ ಸಂಖ್ಯೆಯ ಡಿಸ್ಕ್ ಯಾವುದೆಂದು ಮೊದಲೇ ಹೇಳಲಾಗದು. ಲೆಕ್ಕಪತ್ರ ಇರುವ ಡಿಸ್ಕೇ ಅದಾಗಿದ್ದರೆ ಕೇಳದೆಯೇ ಅಳಿಸಿಹೋಗುತ್ತದೆ. ಉತ್ತರ ಕಡತದಲ್ಲಿ ಬರೆದ ಪಾಸ್‌ವರ್ಡ್ ಕೂಡ ಕಡತ ತೆರೆದ ಯಾರಿಗೂ ಸಿಗುವಂಥದ್ದು. ಪೆನ್‌ಡ್ರೈವ್ ಕಳೆದುಹೋದರೆ ಆ ಪಾಸ್‌ವರ್ಡೂ ಹೋಯಿತೆಂದೇ ತಿಳಿಯಬೇಕು.

ಒಂದೇ ಮಾದರಿಯ ಯಂತ್ರಗಳಿದ್ದರೆ ಒಂದನ್ನು ಸಿದ್ಧಗೊಳಿಸಿ, ವಿಂಡೋಸಾದರೆ ಸಿಸ್‌ಪ್ರೆಪ್ ಮಾಡಿ (ಆ ಯಂತ್ರಕ್ಕೇ ಸೇರಿದ ಗುರುತುಗಳನ್ನು ತೆಗೆದು), ಡಿಸ್ಕ್ ನಕಲಿಸುವ ಕ್ಲೋನ್‌ಜಿಲ್ಲಾದಿಂದ ಪ್ರತಿ ತೆಗೆದು ಉಳಿದವಕ್ಕೆ ಇಳಿಸುವುದೇ ಹೆಚ್ಚು ನಂಬಿಕೆಯ ದಾರಿ. ಕ್ಲೋನ್‌ಜಿಲ್ಲಾವನ್ನು ವೆಂಟಾಯ್‌ನಿಂದ ಬೂಟ್ ಮಾಡಬಹುದು. ಆದರೆ ಪ್ರತಿಯನ್ನು ಅದೇ ಪೆನ್‌ಡ್ರೈವಿನಲ್ಲಿ ಇಡಲು ಹೋದರೆ ವಿಭಾಗ ಬಳಕೆಯಲ್ಲಿದೆ ಎಂದು ಲಿನಕ್ಸ್ ಮೌಂಟ್ ಮಾಡಲು ಒಪ್ಪುವುದಿಲ್ಲ. ಇದಕ್ಕೆ ವೆಂಟಾಯ್‌ನಲ್ಲಿ ಒಂದು ಆಯ್ಕೆ ಇದೆಯಾದರೂ, ಪ್ರತಿಗೆ ಬೇರೆಯೇ ಎಸ್‌ಎಸ್‌ಡಿ ಇಟ್ಟುಕೊಳ್ಳುವುದು ವೇಗದ ದೃಷ್ಟಿಯಿಂದಲೂ ಒಳ್ಳೆಯದು.

ಪೆನ್‌ಡ್ರೈವಿನ ಗುಣಮಟ್ಟಕ್ಕೆ ಬಂದರೆ, ಕಡಿಮೆ ಕ್ರಯಕ್ಕೆ ಹೆಚ್ಚು ಜಿಬಿ ಎಂದು ಮಾರುವುದನ್ನು ನಂಬಬಾರದು. ಮೇಲೆ ಬರೆದಷ್ಟು ಜಾಗ ಒಳಗೆ ಇಲ್ಲದವು ಮಾರುಕಟ್ಟೆಯಲ್ಲಿ ಬಹಳ ಇವೆ. ಮೊದಲ ಕೆಲವು ಐಎಸ್‌ಒಗಳು ಚೆನ್ನಾಗಿ ನಡೆದು, ಆಮೇಲೆ ಹಾಕಿದವು ಅರ್ಧದಲ್ಲಿ ಕೈಕೊಡುತ್ತವೆ. ಹೊಸದನ್ನು ತಂದ ಕೂಡಲೇ ಎಚ್2ಟೆಸ್ಟ್‌ಡಬ್ಲ್ಯೂ ಅಥವಾ ಎಫ್3 ಎಂಬ ಪರೀಕ್ಷಾ ತಂತ್ರಾಂಶ ಹಾಕಿ ಪೂರ್ತಿ ಬರೆದು ಓದಿಸಬೇಕು. ಇಜೆಕ್ಟ್ ಮಾಡದೆ ಕಿತ್ತರೆ ಎಕ್ಸ್‌ಫ್ಯಾಟ್ ವಿಭಾಗದಲ್ಲಿ ಕಾಪಿ ಅಪೂರ್ಣವಾಗಿ ಉಳಿಯಬಹುದು. ಬೂಟ್ ಪಟ್ಟಿಯಲ್ಲೇ ಐಎಸ್‌ಒ ಮೇಲೆ ನಿಂತು ‘ಎಂ’ ಕೀ ಒತ್ತಿದರೆ ಚೆಕ್‌ಸಮ್ (ಕಡತ ಕೆಟ್ಟಿಲ್ಲವೆಂದು ತಾಳೆ ನೋಡುವ ಸಂಖ್ಯೆ) ಲೆಕ್ಕ ಹಾಕಿ ತೋರಿಸುತ್ತದೆ, ಸಂಶಯ ಬಂದಲ್ಲಿ ಮೊದಲು ಅದನ್ನು ನೋಡಬೇಕು. ನನ್ನ ಮಟ್ಟಿಗೆ ಪೆನ್‌ಡ್ರೈವ್ ಬಿಟ್ಟು, ಯುಎಸ್‌ಬಿ ಪೆಟ್ಟಿಗೆಯಲ್ಲಿ ಹಾಕಿದ ಸಣ್ಣ ಎಸ್‌ಎಸ್‌ಡಿಗೆ ಬದಲಾದ ಮೇಲೆ ವೆಂಟಾಯ್ ಬೇರೆಯೇ ತಂತ್ರಾಂಶವೇನೋ ಎಂಬಷ್ಟು ಚುರುಕಾಗಿದೆ.

ನಂಬಿಕೆಯ ಪ್ರಶ್ನೆಯನ್ನು ಬಿಟ್ಟು ಈ ವಿಮರ್ಶೆ ಪೂರ್ತಿಯಾಗುವುದಿಲ್ಲ. ವೆಂಟಾಯ್ ಜಿಪಿಎಲ್ ಪರವಾನಗಿಯ ತಂತ್ರಾಂಶವಾದರೂ ಅದರ ಮೂಲಸಂಕೇತದ ಭಂಡಾರದಲ್ಲಿ ಮೊದಲೇ ಕಂಪೈಲ್ ಮಾಡಿಟ್ಟ ಬೈನರಿ ಕಡತಗಳಿವೆ. 2024ರ ಮಾರ್ಚ್‌ನಲ್ಲಿ ಎಕ್ಸ್‌ಝೆಡ್ ತಂತ್ರಾಂಶದೊಳಗೆ ಯಾರೋ ಹಿಂಬಾಗಿಲು ಇಟ್ಟದ್ದು ಬೆಳಕಿಗೆ ಬಂದ ಮೇಲೆ, ಇವು ಎಲ್ಲಿಂದ ಬಂದವು, ಇವನ್ನು ಸಂಕೇತದಿಂದಲೇ ಮತ್ತೆ ಕಟ್ಟಲಾಗುತ್ತದೆಯೇ ಎಂದು ಹಲವರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ ಅದು. ಈ ಕಾರಣದಿಂದ, ಭದ್ರತೆಯ ವಿಷಯದಲ್ಲಿ ಬಿಗಿಯಾಗಿರುವ ಕಚೇರಿಗಳ ಯಂತ್ರಗಳಿಗೆ ನಾನು ವೆಂಟಾಯ್ ಒಯ್ಯುವುದಿಲ್ಲ. ಅಲ್ಲಿಗೆ ರೂಫಸ್ ಎಂಬ ತಂತ್ರಾಂಶದಲ್ಲಿ ಒಂದೇ ಐಎಸ್‌ಒ ಬರೆದ ಪೆನ್‌ಡ್ರೈವ್ ಸಾಕು. ಗಿರಾಕಿ ತಮ್ಮ ಬಳಿಯೇ ಇಟ್ಟುಕೊಳ್ಳಲು ಕೇಳಿದಾಗಲೂ ರೂಫಸ್‌ನದೇ ಕೊಡುತ್ತೇನೆ. ಪಟ್ಟಿ, ಕೀ, ವಿಧಾನ ಎಂದೆಲ್ಲ ಅವರಿಗೆ ಗೊಂದಲವಾಗುವುದು ಬೇಡ.

ಕೊಂಡುಕೊಳ್ಳುವಂಥದ್ದೇನೂ ಇಲ್ಲದಿರುವುದರಿಂದ ಬೆಲೆಯ ಮಾತಿಲ್ಲ. ಇಳಿಸಿಕೊಳ್ಳುವುದಾದರೆ ಅಧಿಕೃತ ತಾಣದಿಂದ ಅಥವಾ ಗಿಟ್‌ಹಬ್‌ನಿಂದ ಮಾತ್ರ ಇಳಿಸಿ, ಅಲ್ಲಿ ಕೊಟ್ಟಿರುವ ಎಸ್‌ಎಚ್‌ಎ-256 ಸಂಖ್ಯೆಯ ಜೊತೆ ತಾಳೆ ನೋಡಬೇಕು. ವೈರಸ್ ಇರುವ, ಚಾಲೂ ಇರುವ ವಿಂಡೋಸಿಗೆ ಈ ಪೆನ್‌ಡ್ರೈವನ್ನು ಸಿಕ್ಕಿಸಬಾರದು, ಯಾಕೆಂದರೆ ಅದರ ದೊಡ್ಡ ವಿಭಾಗ ಯಾರು ಬೇಕಾದರೂ ಬರೆಯಬಹುದಾದ ಸ್ಥಿತಿಯಲ್ಲೇ ಇರುತ್ತದೆ. ಪ್ರಿಂಟ್ ಅಂಗಡಿಗಳಿಂದ ಹರಡುವ ಶಾರ್ಟ್‌ಕಟ್ ವೈರಸ್ ನಿಮಿಷದೊಳಗೆ ಅದರಲ್ಲಿ ಕುಳಿತುಬಿಡುತ್ತದೆ. ಯಂತ್ರ ಆಫ್ ಇರುವಾಗ ಸಿಕ್ಕಿಸಿ, ಎಫ್12 ಅಥವಾ ಆ ಕಂಪೆನಿಯ ಬೂಟ್ ಕೀ ಒತ್ತಿಯೇ ಒಳಹೋಗಬೇಕು. ಕಡತ ಸಾಗಿಸಲು ಬೇರೆ ಪೆನ್‌ಡ್ರೈವ್ ಇರಲಿ.